ಮೀನಿನ ಮನೆಗೊಂದು ಭದ್ರವಾದ ಪೀಠ

ಮನೆಗೆ ಬಂದ ನೆಂಟರು ಗಾಜಿನ ತೊಟ್ಟಿಯ ಮುಂದೆ ನಿಂತು, ಬಂಗಾರದ ಮೀನುಗಳ ಬಿನ್ನಾಣವನ್ನು ಕಂಡು ತಲೆದೂಗುವುದುಂಟು. ಮಕ್ಕಳಂತೂ ಗಾಜಿಗೆ ಮೂಗನ್ನೊತ್ತಿ ಊಟದ ಹೊತ್ತನ್ನೇ ಮರೆತುಬಿಡುತ್ತಾರೆ. ಆದರೆ ಆ ತೊಟ್ಟಿಯನ್ನು ಹೊತ್ತು ಹಗಲಿರುಳೂ ನಿಂತಿರುವ ಪೀಠವನ್ನು ಯಾರೂ ಬಗ್ಗಿ ನೋಡುವುದಿಲ್ಲ. ನೋಡುವ ಪ್ರಸಂಗ ಬಂದಿತೆಂದರೆ ಬಹುಮಟ್ಟಿಗೆ ಕಾಲ ಮಿಂಚಿಹೋಗಿರುತ್ತದೆ.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ೩ ಅಡಿ ಉದ್ದದ ತೊಟ್ಟಿಯೊಂದನ್ನು ತಂದು, ನನ್ನ ಹಳೆಯ ಬರೆಯುವ ಮೇಜಿನ ಮೇಲಿರಿಸಿದ್ದೆ. ಮೇಜಿನ ಹಲಗೆ ನಡುವೆ ತುಸುತುಸುವೇ ಬಾಗುತ್ತಿದ್ದುದು ನನ್ನ ಗಮನಕ್ಕೆ ಬಾರದೆ ಹೋಯಿತು. ಒಂದು ಬೆಳಗಿನ ಜಾವ ‘ಚಟ್’ ಎಂದು ಸದ್ದಾಯಿತು. ಎದ್ದು ಬಂದು ನೋಡುವಷ್ಟರಲ್ಲಿ ನಡುಮನೆಯೆಲ್ಲ ನೀರು. ಕೆಂಪು ಗಾರೆಯ ನೆಲದ ಮೇಲೆ ಮೀನುಗಳು ನಿಶ್ಚಲವಾಗಿ ಬಿದ್ದಿದ್ದುವು. ನನ್ನ ಕಿರಿಯ ಮಗಳು ಅಂದು ಶಾಲೆಗೆ ಹೋಗಲಿಲ್ಲ.

ಆದುದರಿಂದ, ಮುಂದೆ ೬ ಅಡಿಯ ದೊಡ್ಡ ತೊಟ್ಟಿಯನ್ನು ತರಬೇಕೆಂಬ ಆಸೆ ಹುಟ್ಟಿದಾಗ, ಅಂಗಡಿಗೆ ಹೋಗುವ ಮೊದಲು ನಮ್ಮ ಬೀದಿಯ ವೃದ್ಧ ಮರಗೆಲಸದ ಆಚಾರ್ಯರ ಬಳಿಗೆ ಹೋದೆ. “ಭಾರವೆಷ್ಟು, ಸ್ವಾಮಿ?” ಎಂಬುದೇ ಅವರ ಮೊದಲ ಪ್ರಶ್ನೆ.

ವಾಚಕರೂ ಲೆಕ್ಕ ಹಾಕಿ ನೋಡಬಹುದು. ೬ ಅಡಿ ಉದ್ದ, ೨ ಅಡಿ ಅಗಲ, ೨ ಅಡಿ ಎತ್ತರದ ತೊಟ್ಟಿಯ ಗಾತ್ರ ೨೪ ಘನ ಅಡಿ. ಅಂಚಿನವರೆಗೆ ತುಂಬಿದರೆ ಸುಮಾರು ೬೮೦ ಲೀಟರು ನೀರು, ಎಂದರೆ ೬೮೦ ಕಿಲೋ. ೧೨ ಮಿಲಿಮೀಟರು ದಪ್ಪದ ಗಾಜಿನ ತೂಕ ಸುಮಾರು ೧೨೦ ಕಿಲೋ. ತಳದಲ್ಲಿ ೨ ಅಂಗುಲ ಸಣ್ಣ ಜಲ್ಲಿಯನ್ನು ಹಾಸಿದರೆ ಇನ್ನೂ ೮೦ ಕಿಲೋ. ಎಲ್ಲ ಕೂಡಿ ೯೦೦ ಕಿಲೋವಿನ ಸಮೀಪ! ೫೦ ಕಿಲೋವಿನ ೧೮ ಅಕ್ಕಿಮೂಟೆಗಳನ್ನು ಒಂದೇ ಮಂಚದ ಮೇಲೆ ಒಟ್ಟಿದಂತೆ. ಅಕ್ಕಿಯಾದರೆ ದಿನದಿನಕ್ಕೂ ಕರಗೀತು. ನೀರಾದರೋ ಆರಿದಷ್ಟನ್ನೂ ಮತ್ತೆ ತುಂಬುತ್ತಲೇ ಇರುತ್ತೇವೆ. ಎಡೆಬಿಡದ ಭಾರಕ್ಕೆ ಗಟ್ಟಿಮರವೂ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬಾಗುವುದುಂಟು.

ಮಹಡಿಯ ಮನೆಯವರು ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು ೨೦೦ ಕಿಲೋ ಭಾರವನ್ನು ತಾಳುವಂತಿರಬೇಕೆಂದು ಭಾರತೀಯ ಮಾನಕ ಐ.ಎಸ್. ೮೭೫ (೧೯೮೭) ಹೇಳುತ್ತದೆ. ನಮ್ಮ ತೊಟ್ಟಿ ತನ್ನಡಿಯ ನೆಲದ ಮೇಲೆ ಹೇರುವ ಭಾರ ಅದರ ನಾಲ್ಕು ಪಟ್ಟು. ಕೋಣೆಯ ಉಳಿದ ಭಾಗ ಬರಿದಾಗಿರುವುದರಿಂದ ನೆಲ ಕುಸಿದೇ ಬಿಡುತ್ತದೆಂದಲ್ಲ. ಆದರೆ ಕಟ್ಟಡದ ಎಂಜಿನಿಯರರನ್ನು ಕೇಳದೆ ಮಹಡಿಯ ಮೇಲೆ ಇಡಲಾಗದು. ನೆಲಮಾಳಿಗೆಯಿಲ್ಲದ ಕೆಳಮನೆಯೇ ಇದಕ್ಕೆ ಲೇಸು.

ಆಚಾರ್ಯರು ನನ್ನನ್ನು ಪಕ್ಕದ ಹಳೆಯ ತೊಟ್ಟಿಮನೆಯ ಜಗಲಿಗೆ ಕರೆದೊಯ್ದು, “ಮೇಲೆ ನೋಡಿ” ಎಂದರು. ಕಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. “ತೊಲೆಯನ್ನು ಕಂಬದ ಪಕ್ಕಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದಾರೆಯೇ? ತಿರುಪುಮೊಳೆ ಹಿಡಿದುಕೊಳ್ಳುತ್ತದೆ, ಸ್ವಾಮಿ. ಹೊರುವುದು ಮರದ ಕೆಲಸ.”

ಪೀಠನಿರ್ಮಾಣದ ಮರ್ಮವೆಲ್ಲ ಈ ಮಾತಿನಲ್ಲಿದೆ. ಭಾರವು ಮರದಿಂದ ಮರಕ್ಕೆ ನೇರವಾಗಿ ಇಳಿದು ನೆಲವನ್ನು ಸೇರಬೇಕು. ನಮ್ಮ ಪೀಠಕ್ಕೆ ಚೆನ್ನಾಗಿ ಒಣಗಿದ ಮತ್ತಿಯ ಮರವನ್ನು ಆರಿಸಿದೆವು. ತೇಗ, ಹೊನ್ನೆಗಳೂ ಆಗಬಹುದು. ೪ ಅಂಗುಲ ಅಗಲ, ೨ ಅಂಗುಲ ದಪ್ಪದ ಪಟ್ಟಿಗಳಿಂದ ಮೇಲೊಂದು, ಕೆಳಗೊಂದು ಚೌಕಟ್ಟು. ಪಟ್ಟಿಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ಹಾಗೆ ನಿಂತ ಪಟ್ಟಿ ಮಲಗಿದ ಪಟ್ಟಿಗಿಂತ ನಾಲ್ಕು ಪಟ್ಟು ಬಿಗಿ. ಎರಡು ಚೌಕಟ್ಟುಗಳ ನಡುವೆ ೩ ಅಂಗುಲ ಚಚ್ಚೌಕದ ಆರು ಕಂಬಗಳು: ಮೂಲೆಗೆ ನಾಲ್ಕು, ಉದ್ದದ ನಡುವೆ ಎರಡು. ನಡುಗಂಬಗಳನ್ನು ಉಳಿತಾಯಕ್ಕೆಂದು ಬಿಡಬಾರದು. ಆಧಾರಗಳ ನಡುವಣ ಅಂತರ ಅರ್ಧವಾದರೆ ತೊಲೆಯ ಬಾಗು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಕಂಬಗಳೆಲ್ಲವೂ ಒಂದೇ ಅಳತೆಯವಾಗಿರಬೇಕು. ಚೌಕಟ್ಟಿನ ಎರಡು ಕರ್ಣಗಳನ್ನೂ ಅಳೆದು ನೋಡಿ. ಅವು ಸಮನಾಗಿದ್ದರೆ ಮೂಲೆಗಳು ಸರಿಯಾಗಿವೆಯೆಂದರ್ಥ. ಕೆಳಗೊತ್ತುವ ಭಾರವನ್ನು ಕಂಬಗಳು ತಾಳಿದರೂ, ಪಕ್ಕಕ್ಕೆ ಓಲಾಡುವುದನ್ನು ಅವು ತಡೆಯಲಾರವು. ಅದಕ್ಕಾಗಿ ಹಿಂಬದಿಗೂ ಎರಡು ಪಕ್ಕಗಳಿಗೂ ಅರ್ಧ ಅಂಗುಲದ ಪ್ಲೈವುಡ್ಡನ್ನು ಅಂಟು, ತಿರುಪುಗಳಿಂದ ಬಿಗಿಯಬೇಕು. ಮೇಲ್ಭಾಗಕ್ಕೆ ನೀರಿಗೆ ಜಗ್ಗದ ದಪ್ಪ ಪ್ಲೈವುಡ್ ಹಲಗೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಅಗ್ಗದ ಹಲಗೆ ನೀರು ತಾಗಿದರೆ ಉಬ್ಬಿ ಹಾಳಾಗುತ್ತದೆ. ಎಲ್ಲಕ್ಕೂ ಮೂರು ಸಲ ವಾರ್ನಿಷ್ ಬಳಿಯುವುದು ಅವಶ್ಯ.

ಇನ್ನು ಮಟ್ಟದ ಮಾತು. ನಮ್ಮ ಮನೆಗಳ ನೆಲ ತೊಳೆದ ನೀರು ಹರಿದುಹೋಗಲೆಂದು ತುಸು ಇಳಿಜಾರಾಗಿರುವುದು ವಾಡಿಕೆ. ಪೀಠ ಓರೆಯಾಗಿ ತಿರುಚಿಕೊಂಡರೆ ಗಾಜೂ ತಿರುಚಿಕೊಂಡು, ಮೂಲೆಯ ಸಿಲಿಕೋನ್ ಅಂಟು ಬಿಟ್ಟುಕೊಳ್ಳುತ್ತದೆ. ರಸಮಟ್ಟವನ್ನಿಟ್ಟು ಉದ್ದಕ್ಕೂ ಅಗಲಕ್ಕೂ ನೋಡಿ, ತಗ್ಗಿರುವ ಕಡೆ ಕಂಬದ ನೇರಕ್ಕೆ ಪೀಠದ ಕೆಳಗೆ ಬೆಣೆಯನ್ನು ಕೊಡಬೇಕು. ತೊಟ್ಟಿಗೂ ಪೀಠಕ್ಕೂ ನಡುವೆ ಮಾತ್ರ ಎಂದಿಗೂ ಬೆಣೆ ಕೂಡದು. ಚೌಕಟ್ಟಿಲ್ಲದ ಬರಿಗಾಜಿನ ತೊಟ್ಟಿಯಾದರೆ ತಳಕ್ಕೆ ಅರ್ಧ ಅಂಗುಲದ ಥರ್ಮೊಕೋಲ್ ಹಾಸು ಸಾಕು. ಮರಳಿನ ಕಣವೊಂದು ಸಿಕ್ಕಿಕೊಂಡಿದ್ದರೂ ಅದು ಗಾಜನ್ನು ಚುಚ್ಚದು.

ಪೀಠ ಸಿದ್ಧವಾಯಿತೆಂದು ಒಮ್ಮೆಗೇ ನೀರು ತುಂಬಬಾರದು. ಕಾಲುಭಾಗ ತುಂಬಿ ರಸಮಟ್ಟವನ್ನಿಟ್ಟು ನೋಡಿದೆವು. ಅರ್ಧ ತುಂಬಿ ಒಂದು ದಿನ ಬಿಟ್ಟೆವು. ಪೂರ್ತಿ ತುಂಬಿ ಒಂದು ವಾರ ಕಾದೆವು. ಮಗಳಿಗೆ ತಾಳ್ಮೆಯಿರಲಿಲ್ಲ. ಆದರೂ ಮೀನುಗಳಿಗಾಗಿ ಒಂದು ಮಾತೂ ಕೇಳದೆ, ದಿನವೂ ಶಾಲೆಯಿಂದ ಬಂದೊಡನೆ ಪೀಠದ ಬುಡದ ನೆಲವನ್ನು ಅಂಗೈಯಿಂದ ಮುಟ್ಟಿ, ಒಣಗಿದೆಯೇ ಎಂದು ನೋಡುತ್ತಿದ್ದಳು.

ಎಂಟನೆಯ ದಿನ ಆಚಾರ್ಯರು ಬಂದರು. ತೊಟ್ಟಿಯ ಕಡೆ ಕಣ್ಣೆತ್ತಿಯೂ ನೋಡದೆ ಮೊಣಕಾಲೂರಿ, ತೊಲೆಯ ಕೆಳಗೆ ದಾರವನ್ನು ಬಿಗಿಹಿಡಿದು ಕಣ್ಣು ಕಿರಿದುಮಾಡಿ ನೋಡಿದರು.

“ಒಂದು ನೂಲೂ ಬಾಗಿಲ್ಲ, ಮಗೂ. ಇನ್ನು ಮೀನು ಬಿಡು” ಎಂದರು.