ಹೆರಿಗೆ ಕೋಣೆಯ 29 ಕೆಲಸಗಳು

ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ಆಗ ಗರ್ಭಕೋಶ ಬಿಗಿಯಾಗಿ ಕುಗ್ಗುತ್ತದೆ, ವಿಪರೀತ ರಕ್ತಸ್ರಾವದ ಅಪಾಯ ಕಡಿಮೆಯಾಗುತ್ತದೆ. ಇದು ಗೊತ್ತಿಲ್ಲದ ನರ್ಸ್ ಸಿಗುವುದು ಕಷ್ಟ. ಆದರೂ ಈ ಒಂದು ನಿಮಿಷ ಕೈತಪ್ಪುತ್ತದೆ. ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕಾದ್ದರಿಂದ ಅದು ಪಕ್ಕದ ಕೋಣೆಯ ಫ್ರಿಜ್ಜಿನಲ್ಲಿದೆ ಎಂದುಕೊಳ್ಳಿ. ಹುಟ್ಟಿದ ಮಗು ಇನ್ನೂ ಅತ್ತಿಲ್ಲ. ಬಾಗಿಲ ಆಚೆಯಿಂದ ಇನ್ನೊಬ್ಬ ಗರ್ಭಿಣಿಯ ತಾಯಿ, "ಸಿಸ್ಟರ್, ನಮ್ಮ ಹುಡುಗಿಗೆ ನೋವು ತಡ್ಕೊಳ್ಳೋಕಾಗ್ತಿಲ್ಲ, ಬೇಗ ಬನ್ನಿ" ಎಂದು ಕೂಗುತ್ತಿದ್ದಾರೆ. ರಾತ್ರಿ ಪಾಳಿಯಲ್ಲಿ ಇರುವವರು ಒಬ್ಬರೇ.

ಮುಂದೆ ಆ ಬಾಣಂತಿಗೆ ರಕ್ತಸ್ರಾವವಾದರೆ ಮೇಲಿನವರು ಕೇಳುವ ಮೊದಲ ಪ್ರಶ್ನೆ, "ಡ್ಯೂಟಿಯಲ್ಲಿ ಯಾರಿದ್ದರು?" ಒಂದು ಮೆಮೊ, ಒಂದು ಲಿಖಿತ ವಿವರಣೆ, ಅಲ್ಲಿಗೆ ಫೈಲು ಮುಚ್ಚಿತು. ಫ್ರಿಜ್ಜು ಮಾತ್ರ ಪಕ್ಕದ ಕೋಣೆಯಲ್ಲೇ ಉಳಿಯುತ್ತದೆ.

ಆರೋಗ್ಯ ಸೇವೆಯ ಗುಣಮಟ್ಟ ಮತ್ತು ಸುರಕ್ಷತೆ ಎಂಬ ಅಧ್ಯಯನ ಶಾಖೆ ವಿಚಾರಿಸುವುದು ಈ ಫ್ರಿಜ್ಜನ್ನು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ನರ್ಸ್‌ಗಳು ಪದವಿಯ ಮೇಲೆ ಈ ವಿಷಯದಲ್ಲಿ ಪ್ರತ್ಯೇಕ ಸ್ನಾತಕೋತ್ತರ ಸರ್ಟಿಫಿಕೇಟ್ ಪಡೆಯಬಹುದು. ಇದಕ್ಕೆ ಒತ್ತು ಸಿಕ್ಕಿದ್ದು 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ವರದಿಯಿಂದ. ಆಸ್ಪತ್ರೆಗಳಲ್ಲಿ ನಡೆಯುವ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿದ್ದಾರೆ ಎಂದು ಅದು ಅಂದಾಜು ಮಾಡಿತ್ತು. 2005ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಶುರುವಾದ 'ಕ್ಯೂಸೆನ್' ಯೋಜನೆ ನರ್ಸಿಂಗ್ ಶಿಕ್ಷಣದೊಳಕ್ಕೇ ಗುಣಮಟ್ಟ ಸುಧಾರಣೆ, ಸುರಕ್ಷತೆ, ತಂಡದ ಕೆಲಸ, ಮಾಹಿತಿ ತಂತ್ರಜ್ಞಾನದಂಥ ಆರು ಸಾಮರ್ಥ್ಯಗಳನ್ನು ತಂದಿತು.

ಇದೆಲ್ಲ ದೂರದ ಮಾತು ಅನ್ನಿಸಬಹುದು. ಆದರೆ ಈ ಶಾಸ್ತ್ರದ ಒಂದು ಮುಖ್ಯ ಪ್ರಯೋಗ ನಡೆದದ್ದು ನಮ್ಮಲ್ಲೇ.

ವಿಶ್ವ ಆರೋಗ್ಯ ಸಂಸ್ಥೆ 'ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿ'ಯೊಂದನ್ನು ರೂಪಿಸಿ, 2010ರಲ್ಲಿ ಕರ್ನಾಟಕದ ತಾಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ಪರೀಕ್ಷಿಸಿತು. ಪಟ್ಟಿ ನಾಲ್ಕು ಕಡೆ ನರ್ಸನ್ನು ನಿಲ್ಲಿಸಿ ಕೇಳುತ್ತದೆ: ಗರ್ಭಿಣಿ ದಾಖಲಾದಾಗ, ಹೆರಿಗೆಗೆ ತುಸು ಮುಂಚೆ, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳಿಸುವಾಗ. ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಇದರಲ್ಲಿಲ್ಲ. ಬಿ.ಪಿ. ನೋಡಿದಿರಾ, ಜ್ವರ ಇದೆಯೇ, ಕೈ ತೊಳೆದಿರಾ ಎಂಬಂಥವೇ ಪ್ರಶ್ನೆಗಳು. ಎರಡನೆಯ ನಿಲುಗಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗ್ಲೌಸ್, ಸೋಪು, ನೀರು, ಸಿರಿಂಜಿಗೆ ಎಳೆದಿಟ್ಟ ಆಕ್ಸಿಟೋಸಿನ್, ಮಗುವಿಗೆ ಒಣ ಟವೆಲ್, ಹೊಕ್ಕುಳಬಳ್ಳಿ ಕಟ್ಟುವ ದಾರ, ಶುದ್ಧ ಬ್ಲೇಡ್, ಉಸಿರು ಕೊಡುವ ಬ್ಯಾಗ್ ಮತ್ತು ಮಾಸ್ಕ್ ಎಲ್ಲವೂ ಮಂಚದ ಪಕ್ಕದಲ್ಲಿ ಇವೆಯೇ ಎಂದು ಅಲ್ಲಿ ಕೇಳಲಾಗುತ್ತದೆ. ಪಕ್ಕದ ಕೋಣೆಯ ಫ್ರಿಜ್ಜಿಗೆ ಓಡುವ ಪ್ರಸಂಗವೇ ಬರದಂತೆ ಮಾಡುವ ಉಪಾಯ ಇದು. ಗದರುವುದರಿಂದ ಆಗದ ಕೆಲಸ ಒಂದು ಟ್ರೇಯಿಂದ ಆಗುತ್ತದೆ.

ಮಾಡಲೇಬೇಕಾದ 29 ಕೆಲಸಗಳಲ್ಲಿ ಪಟ್ಟಿಗೆ ಮೊದಲು ಪ್ರತಿ ಹೆರಿಗೆಯಲ್ಲಿ ಸರಾಸರಿ 10 ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ ಅದು 25ಕ್ಕೇರಿತು.

ಈ ಫಲಿತಾಂಶ ನೋಡಿ ಉತ್ತರ ಪ್ರದೇಶದಲ್ಲಿ ದೊಡ್ಡ ಪ್ರಯೋಗಕ್ಕೆ ಕೈಹಾಕಲಾಯಿತು. 120 ಆರೋಗ್ಯ ಕೇಂದ್ರಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಅರ್ಧದಷ್ಟು ಕೇಂದ್ರಗಳಲ್ಲಿ ಪಟ್ಟಿಯ ಜತೆಗೆ, ಬಳಿ ನಿಂತು ಹೇಳಿಕೊಡುವ ತರಬೇತುದಾರರೂ ಇದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ನಿರಾಶೆಗೊಳಿಸಿತು. ಎರಡನೆಯ ತಿಂಗಳಲ್ಲಿ ಪಟ್ಟಿಯಿದ್ದ ಕಡೆ ಶೇ. 72.8ರಷ್ಟು ಕೆಲಸಗಳು ನಡೆಯುತ್ತಿದ್ದವು, ಇಲ್ಲದ ಕಡೆ ಶೇ. 41.7. ಇದೇನೋ ಒಳ್ಳೆಯದೇ. ಆದರೆ ತಾಯಿ ಮಕ್ಕಳ ಸಾವು ಮತ್ತು ತಾಯಂದಿರ ತೀವ್ರ ತೊಂದರೆಗಳನ್ನು ಒಟ್ಟುಗೂಡಿಸಿ ನೋಡಿದರೆ ಪಟ್ಟಿಯಿದ್ದ ಕಡೆ ಶೇ. 15.1, ಇಲ್ಲದ ಕಡೆ ಶೇ. 15.3. ವ್ಯತ್ಯಾಸವೇ ಇಲ್ಲವೆನ್ನಬಹುದು.

ಪಟ್ಟಿ ಸೋತಿತು ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಹೆಚ್ಚು ಮಾತಾಡುವ ಅಂಕಿ ಬೇರೆ: 12ನೆಯ ತಿಂಗಳಿಗೆ ಆ ಶೇ. 72.8 ಎಂಬುದು ಶೇ. 61.7ಕ್ಕೆ ಇಳಿದಿತ್ತು. ಅಷ್ಟರಲ್ಲಿ ಹೊರಗಿನ ತರಬೇತುದಾರರು ಹೋಗಿ ತಿಂಗಳುಗಳಾಗಿದ್ದವು. ಹೊರಗಿನವರು ಬಂದು ಕಲಿಸಿದ್ದು ಹೊರಗಿನವರ ಹಿಂದೆಯೇ ಹೋಗುತ್ತದೆ. ಅದನ್ನು ಹಿಡಿದಿಡಲು ಆಸ್ಪತ್ರೆಯ ಒಳಗೇ ಒಬ್ಬರು ಬೇಕು, ಅವರಿಗೆ ಅದೇ ವಿದ್ಯೆ ಗೊತ್ತಿರಬೇಕು. ಇನ್ನೊಂದು ಮಾತೂ ಇದೆ. ಬಿ.ಪಿ. ಏರಿದ್ದು ಪತ್ತೆಯಾದ ಮೇಲೆ ಮ್ಯಾಗ್ನೀಸಿಯಂ ಸಲ್ಫೇಟ್ ಸ್ಟಾಕ್ ಇಲ್ಲದಿದ್ದರೆ, ದೊಡ್ಡಾಸ್ಪತ್ರೆಗೆ ಸಾಗಿಸಲು ಆಂಬುಲೆನ್ಸ್ ಬರದಿದ್ದರೆ, ಪಟ್ಟಿಯಲ್ಲಿ ಟಿಕ್ ಹಾಕಿ ಏನು ಬಂತು?

ಹಾಗಾದರೆ ಆ ವಿದ್ಯೆಯಲ್ಲಿ ಏನಿದೆ? ಒಂದೇ ಒಂದು ಪಾಠ ನೋಡೋಣ. ವಾರ್ಡಿನಲ್ಲಿ ಹೋದ ತಿಂಗಳು ಆರು ರೋಗಿಗಳು ಮಂಚದಿಂದ ಬಿದ್ದರು, ಈ ತಿಂಗಳು ಮೂವರು ಎನ್ನಿ. ಮೀಟಿಂಗಿನಲ್ಲಿ ಚಪ್ಪಾಳೆ. ಮುಂದಿನ ತಿಂಗಳು ಏಳಾದರೆ ಬೈಗುಳ. ಎರಡಕ್ಕೂ ಅರ್ಥವಿಲ್ಲದಿರಬಹುದು, ಏಕೆಂದರೆ ಏನನ್ನೂ ಬದಲಿಸದಿದ್ದರೂ ಇಂಥ ಸಂಖ್ಯೆಗಳು ತಾವಾಗಿಯೇ ಏರಿಳಿಯುತ್ತವೆ. ಅಮೆರಿಕದ ಬೆಲ್ ಸಮೂಹದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಾರ್ಖಾನೆಯ ಸರಕಿಗಾಗಿ, ಇಂಥ ಸಹಜ ಏರಿಳಿತವನ್ನು ನಿಜವಾದ ಬದಲಾವಣೆಯಿಂದ ಬೇರ್ಪಡಿಸುವ ನಕ್ಷೆಯೊಂದನ್ನು ಮಾಡಿದರು. ಅದರ ಸರಳ ರೂಪವನ್ನು ನರ್ಸ್‌ಗಳು ಇಂದು ಕಲಿಯುತ್ತಾರೆ. ತಿಂಗಳ ಸಂಖ್ಯೆಗಳನ್ನು ಸಾಲಾಗಿ ಗುರುತಿಸಿ, ಅವುಗಳ ಮಧ್ಯಾಂಕಕ್ಕೆ ಗೆರೆ ಎಳೆಯಬೇಕು. ಸತತ ಆರು ಚುಕ್ಕೆಗಳು ಗೆರೆಯ ಒಂದೇ ಬದಿಗೆ ಬಿದ್ದರೆ ನಿಜವಾಗಿ ಏನೋ ಬದಲಾಗಿದೆ ಎಂದು ತಿಳಿಯಬೇಕು. ಗ್ರಾಫ್ ಹಾಳೆ, ಪೆನ್ಸಿಲ್ ಇದ್ದರೆ ಸಾಕು. ಒಂದು ಬದಲಾವಣೆಯನ್ನು ಒಂದೇ ಪಾಳಿಯಲ್ಲಿ ಪ್ರಯತ್ನಿಸಿ, ಅಳೆದು, ತಿದ್ದಿ, ಆಮೇಲೆ ಇಡೀ ವಾರ್ಡಿಗೆ ಹರಡುವುದು ಇನ್ನೊಂದು ಪಾಠ.

ವಿದ್ಯೆಯೊಂದೇ ಸಾಲದು, ಅಧಿಕಾರವೂ ಬೇಕು. ಅಮೆರಿಕದ ಮಿಶಿಗನ್ ರಾಜ್ಯದ ಐಸಿಯುಗಳಲ್ಲಿ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ ಬರುವ ಸೋಂಕನ್ನು ತಡೆಯಲು ಪೀಟರ್ ಪ್ರೊನೊವೋಸ್ಟ್ ಐದಂಶದ ಪದ್ಧತಿ ತಂದರು. ವೈದ್ಯರು ಒಂದು ಹೆಜ್ಜೆ ಬಿಟ್ಟರೂ ಕೆಲಸ ನಿಲ್ಲಿಸುವ ಅಧಿಕಾರವನ್ನು, ತುರ್ತು ಸಂದರ್ಭ ಬಿಟ್ಟು, ನರ್ಸ್‌ಗಳಿಗೆ ಕೊಟ್ಟರು. ಸಾವಿರ ಕೊಳವೆ-ದಿನಗಳಿಗೆ 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತೆಂದು 2006ರ ಅಧ್ಯಯನ ತೋರಿಸಿತು. "ಸರ್, ಗೌನ್ ಹಾಕಿಕೊಂಡಿಲ್ಲ, ನಿಲ್ಲಿಸಿ" ಎಂದು ನಮ್ಮ ಎಷ್ಟು ಐಸಿಯುಗಳಲ್ಲಿ ಒಬ್ಬ ಸಿಸ್ಟರ್ ಹೇಳಬಲ್ಲರು?

ಸುರಕ್ಷಿತ ಹೆರಿಗೆ ಪಟ್ಟಿ ಈಗ ಸರ್ಕಾರಿ ಹೆರಿಗೆ ಕೋಣೆಗಳ ಕೇಸ್ ಶೀಟಿಗೆ ಬಂದಿದೆ; ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮವೂ ಅದರ ಬಳಕೆಗೆ ಒತ್ತು ಕೊಟ್ಟಿದೆ. ಪಾಳಿ ಮುಗಿಯುವ ಹೊತ್ತಿಗೆ ಎಲ್ಲ ಚೌಕಗಳಿಗೂ ಒಟ್ಟಿಗೆ ಟಿಕ್ ಬಿದ್ದರೆ ಅದು ಇನ್ನೊಂದು ರಿಜಿಸ್ಟರ್ ಅಷ್ಟೆ. ಆಸ್ಪತ್ರೆಯ ಆಡಳಿತದವರಲ್ಲಿ ಒಂದು ವಿನಂತಿ: ನಿಮ್ಮ ನರ್ಸನ್ನು ಗುಣಮಟ್ಟದ ಕೋರ್ಸಿಗೆ ಕಳಿಸುವುದಾದರೆ, ಅವರು ಮರಳಿದ ಮೇಲೆ ವಾರದಲ್ಲಿ ಅರ್ಧ ದಿನವನ್ನಾದರೂ ವಾರ್ಡಿನ ಡ್ಯೂಟಿಯಿಂದ ಬಿಡಿಸಿ ಈ ಕೆಲಸಕ್ಕೇ ಮೀಸಲಿಡಿ. ಫ್ರಿಜ್ಜನ್ನು ಸರಿಸಲು ಅವರು ಹೇಳಿದ ದಿನವೇ ಸರಿಸಿ.