ಸೈನಿಕನ ವಿದ್ಯಾಭ್ಯಾಸದ ಖರ್ಚು

ಪ್ರಥಮ ವರ್ಷದ ಬಿ.ಎ. ತರಗತಿಗೆ ನಾನು ಕಾಲಿಟ್ಟ ದಿನ ಹುಡುಗರೆಲ್ಲರೂ ಹೊಸ ಅಧ್ಯಾಪಕರು ಬಂದರೆಂದು ತಿಳಿದು ಎದ್ದು ನಿಂತರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಾಗ ಅವರು ಪಟ್ಟ ಆಶ್ಚರ್ಯ ಇನ್ನೂ ನೆನಪಿದೆ. ಪಿ.ಯು.ಸಿ. ಮುಗಿಸಿ ಸೇನೆಗೆ ಸೇರಿ, 17 ವರ್ಷ ದುಡಿದು, ನಾಯಕ್ ದರ್ಜೆಯಲ್ಲಿ ನಿವೃತ್ತನಾಗಿ ಬಂದ ವಿದ್ಯಾರ್ಥಿ ನಾನು. "ಅಣ್ಣಾ, ಮಿಲಿಟರಿಯಲ್ಲಿದ್ದವರ ಕಾಲೇಜು ಫೀಜನ್ನು ಸರಕಾರವೇ ಕಟ್ಟುತ್ತದಂತೆ, ಹೌದೇ?" ಎಂದು ಒಬ್ಬ ಸಹಪಾಠಿ ಕೇಳಿದನು. "ಅದು ಅಮೆರಿಕಾದ ಮಾತು, ತಮ್ಮಾ" ಎಂದೆ. ಅಲ್ಲಿ ಹೇಗೆ, ಇಲ್ಲಿ ಹೇಗೆ ಎಂದು ಮರುಪ್ರಶ್ನೆ ಬಂತು. ಗ್ರಂಥಾಲಯದಲ್ಲಿ ಕುಳಿತು ಓದಿದುದನ್ನೂ ಸ್ವಂತ ಅನುಭವದಿಂದ ಕಂಡುದನ್ನೂ ಸೇರಿಸಿ ಅವನಿಗೆ ಕೊಡುವ ಉತ್ತರವೇ ಈ ಲೇಖನ.

ಅಮೆರಿಕಾ ಈ ಪಾಠವನ್ನು ಕಲಿತದ್ದು ಕಹಿ ಅನುಭವದಿಂದ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದವರಿಗೆ ಸಲ್ಲಬೇಕಾದ ಬೋನಸ್ ಹಣವನ್ನು 1945ರಲ್ಲಿ ಕೊಡುವುದಾಗಿ 1924ರ ಕಾಯಿದೆ ಹೇಳಿತ್ತು. ನಡುವೆ ಆರ್ಥಿಕ ಮುಗ್ಗಟ್ಟು ಬಂತು. ಕೆಲಸವಿಲ್ಲದೆ ಕಂಗೆಟ್ಟ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟು, ಹಣವನ್ನು ಈಗಲೇ ಕೊಡಿರೆಂದು ಕೇಳಿದರು. ಸರಕಾರ ಅವರನ್ನು ಸೈನ್ಯದಿಂದಲೇ ಚದುರಿಸಿತು. ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರ ಜೂನ್ 22ರಂದು, ಅಧ್ಯಕ್ಷ ರೂಸ್‌ವೆಲ್ಟರು ಸಹಿ ಮಾಡಿದ ಹೊಸ ಕಾಯಿದೆಯ ಹಿಂದೆ ಈ ನೆನಪಿತ್ತು. ಲಕ್ಷಾಂತರ ಯೋಧರು ಒಮ್ಮೆಲೇ ಊರಿಗೆ ಬಂದು ಕೆಲಸ ಹುಡುಕಿದರೆ ಗತಿಯೇನೆಂಬ ಭಯವೂ ಇತ್ತು. ಜಿ.ಐ. ಬಿಲ್ ಎಂದು ಪ್ರಸಿದ್ಧವಾದುದು ಇದೇ, ಜಿ.ಐ. ಎಂಬುದು ಅಲ್ಲಿಯ ಸಾಮಾನ್ಯ ಸಿಪಾಯಿಯ ಅಡ್ಡಹೆಸರು.

ಇದರ ಏರ್ಪಾಡು ಸರಳವಾಗಿತ್ತು. 90 ದಿನವಾದರೂ ಸೇವೆ ಮಾಡಿ, ಕಳಂಕವಿಲ್ಲದೆ ಬಿಡುಗಡೆ ಹೊಂದಿದವನಿಗೆ ಒಂದು ವರ್ಷದ ಓದು. ಅದರ ಮೇಲೆ ಅವನು ಸೇವೆ ಮಾಡಿದಷ್ಟು ಕಾಲ. ಒಟ್ಟು 4 ವರ್ಷ ಮೀರುವಂತಿಲ್ಲ. ಫೀಜು, ಪುಸ್ತಕಗಳಿಗೆಂದು ವರ್ಷಕ್ಕೆ 500 ಡಾಲರುಗಳವರೆಗೆ ಸರಕಾರವೇ ಕಾಲೇಜಿಗೆ ಕಟ್ಟುತ್ತಿತ್ತು. ಅದಲ್ಲದೆ ವಿದ್ಯಾರ್ಥಿಯ ಕೈಗೆ ತಿಂಗಳಿಗೆ 50 ಡಾಲರು. ಅವನನ್ನು ನಂಬಿದ ಸಂಸಾರವಿದ್ದರೆ 75 ಡಾಲರು. ಈ ಎರಡನೆಯ ಭಾಗವೇ ಕಾಯಿದೆಯ ಜೀವಾಳವೆಂದು ನನಗೆ ತೋರುತ್ತದೆ. ಹದಿನೆಂಟರ ಹುಡುಗನಿಗೆ ಫೀಜೇ ದೊಡ್ಡ ಖರ್ಚು. ಮನೆಯಲ್ಲಿ ತಾಯಿ ಅನ್ನ ಇಡುತ್ತಾಳೆ. ಹೆಂಡತಿ ಮಕ್ಕಳಿರುವವನಿಗೆ ಹಾಗಲ್ಲ. ಅವನು ಓದುವಷ್ಟು ವರ್ಷ ಮನೆಯ ಒಲೆ ಹೇಗೆ ಉರಿಯಬೇಕೆಂಬುದೇ ಅವನ ಪ್ರಶ್ನೆ.

ಷಿಕಾಗೋ ವಿಶ್ವವಿದ್ಯಾನಿಲಯದ ಹಚಿನ್ಸ್, ಹಾರ್ವರ್ಡಿನ ಕೊನಂಟ್ ಮೊದಲಾದ ವಿದ್ವಾಂಸರು ಇದರಿಂದ ವಿದ್ಯೆಯ ಮಟ್ಟ ಕುಸಿದೀತೆಂದು ಶಂಕಿಸಿದ್ದರು. ಆದದ್ದೇ ಬೇರೆ. ವಯಸ್ಸಾಗಿ ಬಂದ ಈ ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದಿದರು; ಕೊನಂಟರೇ ಮುಂದೆ ಅವರನ್ನು ಮೆಚ್ಚಿ ಮಾತನಾಡಿದರು. 1947ರಲ್ಲಿ ಅಲ್ಲಿಯ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಮಾಜಿ ಸೈನಿಕರು. 1956ರಲ್ಲಿ ಯೋಜನೆ ಮುಗಿಯುವ ವೇಳೆಗೆ ಸುಮಾರು 78 ಲಕ್ಷ ಜನ ಇದರಿಂದ ಓದನ್ನೋ ಕಸಬನ್ನೋ ಕಲಿತಿದ್ದರು. ಅವರಲ್ಲಿ ಸುಮಾರು 22 ಲಕ್ಷ ಜನ ಕಾಲೇಜು ಸೇರಿದವರು.

ಹಾಗೆಂದು ಎಲ್ಲವೂ ಚೆನ್ನಾಗಿತ್ತೆಂದು ತಿಳಿಯಬಾರದು. ಕಾಯಿದೆಯ ಅಕ್ಷರದಲ್ಲಿ ಕರಿಯ, ಬಿಳಿಯ ಎಂಬ ಭೇದವಿರಲಿಲ್ಲ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳು ಕರಿಯ ಯೋಧನಿಗೆ ಬಾಗಿಲು ತೆರೆಯಲಿಲ್ಲ. ಅವನಿಗಿದ್ದ ಕೆಲವೇ ಕಾಲೇಜುಗಳಲ್ಲಿ ಎಲ್ಲರಿಗೂ ಜಾಗ ಸಾಲಲಿಲ್ಲ. ಹಣದ ಹಕ್ಕಿದ್ದರೂ ಕೂರಲು ಬೆಂಚಿಲ್ಲ! ಇನ್ನೊಂದು ಕಡೆ, ಸರಕಾರದ ಹಣದಾಸೆಗೆ ಹುಟ್ಟಿಕೊಂಡ ಖಾಸಗಿ ಶಾಲೆಗಳು ಹೆಚ್ಚು ಫೀಜು ತೋರಿಸಿ ಸುಲಿದವು. ಇದನ್ನು ತಡೆಯಲೆಂದು 1952ರಲ್ಲಿ, ಕೊರಿಯಾ ಯುದ್ಧದವರಿಗಾಗಿ ಬಂದ ಕಾಯಿದೆಯಲ್ಲಿ ಕಾಲೇಜಿಗೆ ನೇರವಾಗಿ ಕಟ್ಟುವುದನ್ನು ಬಿಟ್ಟು, ಒಂಟಿ ವಿದ್ಯಾರ್ಥಿಗೆ ತಿಂಗಳಿಗೆ 110 ಡಾಲರು ಕೊಟ್ಟರು. ಫೀಜೂ ಅದರಲ್ಲೇ, ಊಟವೂ ಅದರಲ್ಲೇ. ಮೋಸ ತಗ್ಗಿತು, ದುಬಾರಿ ಕಾಲೇಜುಗಳು ಬಡವನ ಕೈಗೆ ಎಟುಕದಾದವು.

2008ರಲ್ಲಿ ಅಂಗೀಕೃತವಾಗಿ 2009ರ ಆಗಸ್ಟಿನಿಂದ ಜಾರಿಗೆ ಬಂದ ಕಾಯಿದೆ ಮತ್ತೆ ಹಳೆಯ ದಾರಿಯನ್ನೇ ಹಿಡಿಯಿತು. 36 ತಿಂಗಳು ಸೇವೆ ಮಾಡಿದವನಿಗೆ ಸರಕಾರಿ ಕಾಲೇಜಿನಲ್ಲಿ ಆ ರಾಜ್ಯದ ನಿವಾಸಿಗಳ ದರದ ಫೀಜು ಪೂರ್ತಿ, ಮನೆ ಬಾಡಿಗೆಗೆ ಮಾಸಾಶನ ಬೇರೆ, ಪುಸ್ತಕಗಳಿಗೆ ವರ್ಷಕ್ಕೆ 1000 ಡಾಲರುಗಳವರೆಗೆ. ಸೇವೆ ಕಡಿಮೆಯಾದಂತೆ ನೆರವೂ ಕಡಿಮೆ. ಹೆಚ್ಚು ಕಾಲ ಸೇವೆಯಲ್ಲಿರಲು ಒಪ್ಪಿದವನು ಈ ಹಕ್ಕನ್ನು ಹೆಂಡತಿ ಮಕ್ಕಳಿಗೂ ವರ್ಗಾಯಿಸಬಹುದು.

ಇನ್ನು ನಮ್ಮ ಮಾತು. ಪ್ರಧಾನಮಂತ್ರಿ ವಿದ್ಯಾರ್ಥಿವೇತನವೆಂಬುದೊಂದಿದೆ, ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ವಿಧವೆಯರಿಗೆ, ಅದೂ ವೃತ್ತಿಶಿಕ್ಷಣಕ್ಕೆ. ನನ್ನಂಥವನ ಬಿ.ಎ.ಗೆ ಅದು ಸಲ್ಲದು. ಮೆಟ್ರಿಕ್ ಮುಗಿಸಿ 15 ವರ್ಷ ಸೇವೆ ಮಾಡಿದವನನ್ನು ಕೇಂದ್ರ ಸರಕಾರದ ಸಿ ಗುಂಪಿನ ಕೆಲಸಗಳ ಮಟ್ಟಿಗೆ ಪದವೀಧರನಿಗೆ ಸಮನೆಂದು ಎಣಿಸುವ ನಿಯಮವೂ ಇದೆ. ಆ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. "ಪದವಿ ಮನೆಯಲ್ಲೇ ಇದೆಯಲ್ಲ, ಮತ್ತೇಕೆ ಕಾಲೇಜು?" ಎಂದು ನನ್ನಾಕೆ ನಕ್ಕಳು. ಕೆಲಸಕ್ಕೆ ಅರ್ಜಿ ಹಾಕಲು ಅದು ಸಾಕು. ಆದರೆ ನಾನು ಕಾವಲು ಕಾದ ಗಡಿಗಳು ಹೇಗೆ ಹುಟ್ಟಿದವೆಂಬ ಚರಿತ್ರೆ ಅದರಲ್ಲಿಲ್ಲ.

ನನ್ನನ್ನು ಓದಿಸುತ್ತಿರುವುದು ನಿಜವಾಗಿ ನನ್ನ ಪಿಂಚಣಿ. ಅಮೆರಿಕಾದ 75 ಡಾಲರಿನ ಕೆಲಸವನ್ನು ನಮ್ಮ ಮನೆಯಲ್ಲಿ ಅದು ಮಾಡುತ್ತಿದೆ. ಆದರೆ 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ನಮ್ಮೂರ ಹುಡುಗರಿಗೆ ಸೇವೆ 4 ವರ್ಷ. ಖಾಯಂ ಆಗುವವರನ್ನು ಬಿಟ್ಟರೆ ಉಳಿದವರಿಗೆ ಪಿಂಚಣಿಯಿಲ್ಲ. ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೆಂದು ಒಮ್ಮೆಗೇ ಕೈಗೆ ಬರುವುದೆಂದು ಯೋಜನೆ ಹೇಳುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸು, ಕಾಲೇಜಿಗೆ ತಡವೇನಲ್ಲ. ರಜೆಯ ಮೇಲೆ ಬಂದಾಗ ಅವರಿಗೆ ನಾನು ಹೇಳುವುದಿಷ್ಟೆ: ಬೈಕು, ಮದುವೆ, ತಂಗಿಯ ಒಡವೆ ಎಲ್ಲವೂ ಆಗಲಿ, ಅದಕ್ಕೆ ಮೊದಲು ಮೂರು ವರ್ಷದ ಮನೆಖರ್ಚನ್ನು ಬೇರೆ ಎತ್ತಿಡಿ, ತಮ್ಮಂದಿರಾ. ಸರಕಾರಿ ಕಾಲೇಜಿನ ಫೀಜು ಹೇಗಾದರೂ ಆದೀತು. ನನ್ನ ಬೆಂಚಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿದೆ.