ಅಡಿಕೆ ತೋಟದ ಊರಲ್ಲಿ ನಾಟಕ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹೆಗ್ಗೋಡು ಎಂಬ ಸಣ್ಣ ಊರಿದೆ. ಸುತ್ತಲೂ ಅಡಿಕೆ ತೋಟ. ಮಳೆ ಹಿಡಿದರೆ ಬಿಡೋದಿಲ್ಲ. ಕೆ.ವಿ. ಸುಬ್ಬಣ್ಣ ಆ ಊರಿನವರು. ಹುಟ್ಟಿದ್ದು 1932ರಲ್ಲಿ. ಮೈಸೂರಿನಲ್ಲಿ ಕಾಲೇಜು ಓದಿದರು. ಪಟ್ಟಣದಲ್ಲೇ ನೌಕರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಊರಿಗೆ ಬಂದು ತೋಟ ನೋಡಿಕೊಂಡರು, ನಾಟಕ ಕಟ್ಟಿದರು.

1949ರಲ್ಲೇ ಊರವರು ಸೇರಿ ಒಂದು ಸಂಘ ಮಾಡಿದ್ದರು. ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಹೆಸರು ಉದ್ದ ಆಯ್ತಲ್ಲ! ಅದಕ್ಕೇ ಎಲ್ಲರೂ ‘ನೀನಾಸಂ’ ಅಂತಾರೆ. ಸುಬ್ಬಣ್ಣನವರು ಅದಕ್ಕಾಗಿ ಬಾಳೆಲ್ಲ ದುಡಿದರು.

1973ರಲ್ಲಿ ಅಲ್ಲಿ ಚಿತ್ರಸಮಾಜ ಶುರುವಾಯಿತು. ದೂರ ದೇಶದ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿದರು. ‘ಪಥೇರ್ ಪಾಂಚಾಲಿ’ ಎಂಬ ಬಂಗಾಳಿ ಸಿನಿಮಾ ತೋರಿಸಿದರು. ಅದು ಹಳ್ಳಿಯ ಒಂದು ಬಡ ಮನೆಯ ಕತೆ. ಓದು ಬಾರದವರಿಗೆ ಇದೆಲ್ಲ ತಿಳಿದೀತೇ? ನಾವು ಅಕ್ಷರ ಕಲಿಸಲು ಹೊರಟಾಗಲೂ ಕೆಲವರು ಹೀಗೇ ಕೇಳುತ್ತಾರೆ. ಮನೆಯಲ್ಲಿ ಅಕ್ಕಿ ಇಲ್ಲದ ತಾಯಿಯ ಮುಖ ನೋಡಿ ತಿಳಿಯಲು ಬಂಗಾಳಿ ಬರಬೇಕೇ? ಸುಬ್ಬಣ್ಣನವರಿಗೆ ಹಳ್ಳಿಯವರ ಮೇಲೆ ಆ ನಂಬಿಕೆ ಇತ್ತು.

1980ರಲ್ಲಿ ಹೆಗ್ಗೋಡಿನಲ್ಲಿ ನಾಟಕದ ಶಾಲೆ ತೆರೆಯಿತು. 1985ರಲ್ಲಿ ‘ತಿರುಗಾಟ’ ಹೊರಟಿತು. ಯಕ್ಷಗಾನದ ಮೇಳ ಊರೂರು ತಿರುಗೋದಿಲ್ಲವೇ? ಹಾಗೆಯೇ ಈ ತಂಡವೂ ನಾಟಕ ಹೊತ್ತು ಕರ್ನಾಟಕ ಸುತ್ತಿತು. ಬೆಂಗಳೂರಿಗೆ ಹೋಗಿ ನೋಡಬೇಕಿದ್ದ ನಾಟಕ ನಮ್ಮಂಥವರ ಪೇಟೆಗೇ ಬಂತು.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅದು ಏಷ್ಯಾದ ದೊಡ್ಡ ಪ್ರಶಸ್ತಿ. 2005ರಲ್ಲಿ ಅವರು ತೀರಿಕೊಂಡರು. ಆಮೇಲೂ ತಿರುಗಾಟ ಹೊರಟಿತು.

ನಿಮ್ಮ ಪೇಟೆಯ ಗೋಡೆಯಲ್ಲಿ ನಾಟಕದ ಪೋಸ್ಟರ್ ಕಂಡರೆ ನಿಂತು ಓದಿ. ಜಾಗ, ತಾರೀಖು, ಹೊತ್ತು ಅದರಲ್ಲೇ ಬರೆದಿರುತ್ತದೆ.